ಶುಕ್ರವಾರದ ಜಹಾಜ್ ಬಾಜಾ

ನಿಜಾಮರ ಸರಕಾರದ ಲೆಕ್ಕದ ಫಸಲಿ ೧೩೨೮ರಲ್ಲಿ ನಾನು ಓದು ನಿಲ್ಲಿಸಿದೆ, ನಾಲ್ಕನೆಯ ಇಯತ್ತೆಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ಯಾರೂ ಹೊಡೆಯಲಿಲ್ಲ. ನಾನೇ ಪಾಟಿಯನ್ನು ಗೋಡೆಗೆ ಆನಿಸಿಟ್ಟು ಅಪ್ಪನ ತಿದಿಯ ಮುಂದೆ ಹೋಗಿ ಕುಳಿತೆ. ಅಪ್ಪ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು. ವಾರದಲ್ಲಿ ನಾಲ್ಕು ದಿನ ಬೀದರಿನ ಓಣಿಗಳು, ಒಂದು ದಿನ ಭಾಲ್ಕಿಯ ಸಂತೆ, ಬೇಸಿಗೆ ಬಂತೆಂದರೆ ಔರಾದಿನ ಕಡೆಯ ಹಳ್ಳಿಗಳು. ತಿದಿ ಒತ್ತಲು ಅವರಿಗೆ ಇನ್ನೊಂದು ಜೊತೆ ಕೈ ಬೇಕಿತ್ತು. ನನಗೆ ಎರಡು ಕೈ ಇದ್ದವು. ಸಂಗತಿ ಇಷ್ಟೇ.

ಆ ಶಾಲೆಯಲ್ಲಿ ನನಗೆ ದಕ್ಕಿದ್ದು ಉರ್ದು ಅಕ್ಷರ. ಈಗ ಬರೆಯುತ್ತಿರುವ ಈ ಕನ್ನಡ ಅಕ್ಷರ ಹೆಂಡತಿ ಕಲಿಸಿದ್ದು. ಅವಳ ತವರಿನಲ್ಲಿ ಮಠದ ಅಯ್ಯನವರು ಹೆಣ್ಣುಮಕ್ಕಳನ್ನೂ ಕೂಡಿಸಿ ಓದಿಸುತ್ತಿದ್ದರು. ಮದುವೆಯಾದ ವರ್ಷ ಅವಳು ಜೋಳದ ಹಿಟ್ಟನ್ನು ಪರಾತದಲ್ಲಿ ಹರಡಿ, ಬೆರಳಿನಿಂದ ಅಕ್ಷರ ಬರೆದು ತೋರಿಸುತ್ತಿದ್ದಳು. ನಾನು ಅದರ ಮೇಲೆ ತಿದ್ದಿದ ಮೇಲೆ ಅದೇ ಹಿಟ್ಟು ರೊಟ್ಟಿಯಾಗುತ್ತಿತ್ತು. "ಇವತ್ತ ಹ-ಳ ತಪ್ಪ ಬರದೀರಿ, ಅದಕ್ಕ ರೊಟ್ಟಿ ಹರದದ" ಎನ್ನುತ್ತಿದ್ದಳು. ನಾನು ಕೆಲಸಕ್ಕೆ ನಾಚಿದವನಲ್ಲ, ಕಲಿಯುವುದಕ್ಕೂ ನಾಚಿದವನಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಹೊರಗಿನವರನ್ನು 'ಇದರ ಅರ್ಥ ಏನು' ಎಂದು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಶಾಲೆ ಬಿಟ್ಟವನು ಎಂದು ಅವರು ಒಳಗೊಳಗೇ ಅಂದುಕೊಂಡಾರು ಎಂಬ ಬಿಗುಮಾನ. ಔರಾದಿನಲ್ಲಿ ನಡೆದ ಕಥೆಗೆ ಆ ಬಿಗುಮಾನವೇ ಮೂಲ.

ಕ್ಲಾರ್ನೆಟ್ಟು ನನ್ನ ಕೈಗೆ ಬಂದದ್ದೂ ಕಲಾಯಿಯ ದೆಸೆಯಿಂದಲೇ. ಬೀದರಿನ ಮದುವೆ ಬ್ಯಾಂಡಿನ ಉಸ್ತಾದರು ಒಂದು ದಿನ ಕೀಲಿ ಮುರಿದ ಕ್ಲಾರ್ನೆಟ್ಟನ್ನು ಬೆಸೆಯಲು ತಂದರು. ಬೆಸೆದೆ. ಗಾಳಿ ಸೋರುತ್ತದೋ ಇಲ್ಲವೋ ನೋಡಬೇಕಲ್ಲ, ಊದಿದೆ. ಉಸ್ತಾದರು ಬೀಡಿಯನ್ನು ಬಾಯಿಂದ ತೆಗೆದು, "ಇದನ್ನ ಯಾರ ಬಳಿ ಕಲ್ತಿ?" ಎಂದರು. "ಯಾರ ಬಳಿನೂ ಇಲ್ರಿ, ಈಗ ಹಿಡದೀನಿ" ಎಂದೆ. "ಹಂಗಾದ್ರ ಬಿಡಬ್ಯಾಡ" ಎಂದರು. ಆಗ ನನಗೆ ಹದಿನೆಂಟು. ಅಂದಿನಿಂದ ಲಗ್ನದ ಹಂಗಾಮಿನಲ್ಲಿ ಬ್ಯಾಂಡು, ಉಳಿದ ದಿನ ಕಲಾಯಿ.

ನಾನು ಹೇಳಬೇಕೆಂದಿರುವ ವರ್ಷದ ಹೊತ್ತಿಗೆ ಉಸ್ತಾದರ ಮುಂದಿನ ಹಲ್ಲು ಅಷ್ಟೂ ಬಿದ್ದಿದ್ದವು. ಊದುವುದು ನಿಂತಿತ್ತು. ತುದಿಗೆ ಹಿತ್ತಾಳೆ ಗುಂಡು ಇದ್ದ ಕೋಲು ಹಿಡಿದು ಮುಂದೆ ನಡೆಯುವುದಷ್ಟೇ ಅವರ ಕೆಲಸ. ಆ ಕೋಲು ಹಿಡಿದವನೇ ಬ್ಯಾಂಡಿನ ಯಜಮಾನ. ಎಲ್ಲಿ ಹೋಗಬೇಕು, ಏನು ಬಾರಿಸಬೇಕು, ಯಾರನ್ನು ಇಟ್ಟುಕೊಳ್ಳಬೇಕು ಎಲ್ಲವೂ ಅವನ ಮಾತು. ಈ ಹಂಗಾಮು ಮುಗಿದರೆ ಕೋಲು ಬಿಡುತ್ತೇನೆ ಎಂದು ಉಸ್ತಾದರು ಹೇಳಿಬಿಟ್ಟಿದ್ದರು.

ಕೋಲಿಗೆ ಇಬ್ಬರಿದ್ದೆವು. ಒಬ್ಬ ನಾನು. ಇನ್ನೊಬ್ಬ ಕಮಠಾಣದ ಕಾರ್ನೆಟ್ಟಿನವನು, ಅಂದರೆ ಹಿತ್ತಾಳೆ ತುತ್ತೂರಿ ಊದುವವನು. ಅವನು ಮೊದಲು ಪಲ್ಟಣದ ಬ್ಯಾಂಡಿನಲ್ಲಿದ್ದವನು, ಐದು ಗೆರೆ ಎಳೆದು ಬರೆದ ಸಾಹೇಬರ ಬಾಜಾವನ್ನು ಕಾಗದ ನೋಡಿ ಊದುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಕಾಗದವಿಲ್ಲದೆ ಒಂದು ಉಸಿರನ್ನೂ ಹಾಕುತ್ತಿರಲಿಲ್ಲ. ಗಾಳಿಗೆ ಕಾಗದ ಹಾರಿದರೆ ಅವನ ಕಾರ್ನೆಟ್ಟು ನಿಂತೇ ಹೋಗುತ್ತಿತ್ತು. ನನಗೆ ಕಾಗದ ಬಾರದು, ಕಿವಿ ಒಂದೇ ಆಸ್ತಿ.

"ಕೋಲು ಯಾರಿಗಂತ ನಾ ಹೇಳೂದಿಲ್ಲ. ಔರಾದಿನ ಲಗ್ನ ಈ ವರ್ಷದ ದೊಡ್ಡ ಲಗ್ನ. ಅಲ್ಲಿ ಮಂದಿ ಯಾರ ಕಡಿ ತಿರಗತಾರ ನೋಡ್ತೀನಿ" ಎಂದರು ಉಸ್ತಾದರು.

ನನಗೆ ಒಂದು ಹೊಸ ಬಾಜಾ ಬೇಕಿತ್ತು. ಬೀದರ, ಭಾಲ್ಕಿ, ಔರಾದಿನಲ್ಲಿ ಯಾರೂ ಕೇಳಿರಬಾರದು, ಅಂಥದ್ದು.

ಅದು ಸಿಕ್ಕಿದ್ದು ನರ್ಸಬಾಯಿಯವರ ಪಡಸಾಲೆಯಲ್ಲಿ. ಅವರು ಮಿಷನ್ ಕಂಪೌಂಡಿನ ಪಕ್ಕದಲ್ಲಿ ಒಬ್ಬರೇ ಇದ್ದರು, ಮಿಷನ್ ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿದ್ದವರು. ವಿಲಾಯತಿಗೆ ಮರಳಿದ ಡಾಕ್ಟರ್ ಮೇಡಮ್ಮು ತಮ್ಮ ರೇಡಿಯೊವನ್ನು ಇವರಿಗೆ ಕೊಟ್ಟು ಹೋಗಿದ್ದರು. ನಾನು ಪಾತ್ರೆ ತೆಗೆದುಕೊಳ್ಳಲು ಹೋದಾಗ ರೇಡಿಯೊದ ಮೇಲೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಹೂದಾನಿ.

"ಹಾಡೂದಿಲ್ಲೇನ್ರಿ ಇದು?" ಎಂದೆ.

"ಹಾಡ್ತದಪಾ, ಅದಕ್ಕ ಉಣಿಸೋರು ಯಾರು? ಬ್ಯಾಟ್ರಿ ಸತ್ತು ಆರು ತಿಂಗಳಾತು."

ನಮ್ಮ ಓಣಿಗಳಿಗೆ ಆಗ ಕರೆಂಟು ಬಂದಿರಲಿಲ್ಲ. ರೇಡಿಯೊ ನಡೆಯುತ್ತಿದ್ದದ್ದು ಮೋಟಾರಿನಲ್ಲಿ ಇಡುವಂಥ ಬ್ಯಾಟರಿಯಿಂದ. ಭಾಲ್ಕಿಯ ಒಂದು ಹತ್ತಿ ಬಿಡಿಸುವ ಜಿನ್ನಿನಲ್ಲಿ ಇಂಜಿನ್ನಿಗೆ ಡೈನಮೊ ಜೋಡಿಸಿದ್ದರು. ಆ ಇಂಜಿನ್ನಿನವನ ಮನೆಯ ಪಾತ್ರೆಗಳಿಗೆ ವರ್ಷವೂ ಕಲಾಯಿ ಹಾಕುವವನು ನಾನೇ. ಸಂತೆಯ ದಿನ ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ಸ್ಟೇಶನ್ನಿಗೆ ನಡೆದೆ. ಅದರೊಳಗಿನ ತೇಜಾಬು, ಆ ಸುಡುವ ಆಸಿಡ್ಡು, ತುಳುಕಿ ಹೊಸ ಧೋತರಕ್ಕೆ ಐದು ತೂತು ಬಿದ್ದವು. ಸಂಜೆಯ ಗಾಡಿಗೆ ಬ್ಯಾಟರಿ ಜೀವ ತುಂಬಿಕೊಂಡು ಬೀದರಿಗೆ ಮರಳಿತು. ನರ್ಸಬಾಯಿಯವರು ತಂತಿ ಸಿಕ್ಕಿಸಿ ರೇಡಿಯೊದ ಕಿವಿ ತಿರುವಿದರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು, ಆಮೇಲೆ ಒಬ್ಬ ಮನುಷ್ಯನ ದನಿ. ಅವರ ಮುಖ ನೋಡಬೇಕಿತ್ತು!

"ನಿನಗ ಏನ್ ಕೊಡ್ಲಿ ಹೇಳು" ಎಂದರು.

"ಏನೂ ಬ್ಯಾಡ್ರಿ ಬಾಯಾರ. ಬ್ಯಾಟ್ರಿ ನಾ ತಂದಕೊಡ್ತೀನಿ, ಬಾಜಾ ಬರೂ ಹೊತ್ತಿಗೆ ನನಗ ಇಲ್ಲಿ ಜರಾ ಕುಂದ್ರಲಿಕ್ಕ ಬಿಡ್ರಿ."

"ಬೀಡಿ ಹೊರಗ ಆರಿಸಿ ಬಾ, ಚಪ್ಪಲ್ ಹೊರಗ ಬಿಟ್ಟು ಬಾ, ನಡುವ ಮಾತಾಡಬ್ಯಾಡ. ಕುಂದ್ರು."

ಹೀಗೆ ಶುಕ್ರವಾರ ಶುರುವಾಯಿತು. ನಿಜಾಮರ ರಾಜ್ಯದಲ್ಲಿ ಅದೇ ರಜೆಯ ದಿನ, ಸಂಜೆ ಬಿಸಿಲು ಇನ್ನೂ ಅಂಗಳದಲ್ಲಿ ಇರುವಾಗಲೇ ಅರ್ಧ ಗಂಟೆಯ ಆ ಕಾರ್ಯಕ್ರಮ ಬರುತ್ತಿತ್ತು. ಬಾಜಾ ಹಾಕುವ ಮನುಷ್ಯ ಮೊದಲು ಇಂಗ್ಲಿಷಿನಲ್ಲಿ ಏನೋ ಹೇಳಿ, ಆಮೇಲೆ ಉರ್ದುವಿನಲ್ಲಿ ಹೇಳುತ್ತಿದ್ದ: "ಏಕ್ ಪುರಾನಾ ತವಾ, ಏಕ್ ನಯಾ ತವಾ." ಗ್ರಾಮೊಫೋನಿನ ಕರಿಯ ತಟ್ಟೆಗೆ ನಮ್ಮಲ್ಲಿ ತವಾ ಎಂದೇ ಹೆಸರು, ರೊಟ್ಟಿ ಬೇಯಿಸುವ ತವಾದ ಹಾಗೆಯೇ ಕರಿ, ಹಾಗೆಯೇ ದುಂಡು. ಒಂದು ಹಳೆಯದು, ಒಂದು ಈಗ ತಾನೇ ಬಂದದ್ದು, ಮತ್ತೆ ಹಳೆಯದು, ಮತ್ತೆ ಹೊಸದು. ನಾನು ಮನೆಗೆ ಹೋಗಿ ಹೆಂಡತಿಗೆ "ಇವತ್ತ ಹೊಸ ತವಾ ಭಾಳ ಚಂದ ಇತ್ತು" ಎಂದೆ. "ಮತ್ತ ಯಾಕ ತರಲಿಲ್ಲ? ನಮ್ಮದು ನಡುವ ತೆಗ್ಗ ಬಿದ್ದದ" ಎಂದಳು.

ಮೊದಲ ಶುಕ್ರವಾರ ಕೇಳಿದ್ದನ್ನು ಹೇಗೆ ಹೇಳಲಿ! ಬಾರಿಸುತ್ತಿದ್ದದ್ದು ನಮ್ಮದೇ ಸಾಮಾನು, ಕ್ಲಾರ್ನೆಟ್ಟು, ಕಾರ್ನೆಟ್ಟು, ಡೋಲು, ಝಾಂಜು. ಆದರೆ ನಮ್ಮ ಕ್ಲಾರ್ನೆಟ್ಟು ಮದುವೆಯಲ್ಲಿ ಹಿರಿಯರ ಮುಂದೆ ನಿಂತ ಹಾಗೆ ನೆಟ್ಟಗೆ ನಿಂತು ಹಾಡುತ್ತದೆ. ಅವರದು ನಗುತ್ತಿತ್ತು. ಕಾಯ್ದ ಪಾತ್ರೆಗೆ ನವಸಾಗರ ಉದುರಿಸಿ, ಅರಳೆಯಿಂದ ಒರೆಸಿದಾಗ ಕರಗಿದ ತವರ ಥಳಥಳನೆ ಹೇಗೆ ಓಡುತ್ತದೆ, ಹಾಗೆ ಓಡುತ್ತಿತ್ತು. ಒಬ್ಬ ಊದಿದ್ದಕ್ಕೆ ಇನ್ನೊಬ್ಬ ಎದುರು ಮಾತಾಡುತ್ತಿದ್ದ. ಬಾಜಾದಲ್ಲಿ ಜಗಳ ಆಡಬಹುದೆಂದು, ಜಗಳ ಆಡಿಯೂ ಕೂಡಿ ಮುಗಿಸಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇದಕ್ಕೆ ಆ ಮನುಷ್ಯ ಒಂದು ಹೆಸರು ಹೇಳುತ್ತಿದ್ದ, ಜಾಜ್. ನನಗೆ ಕೇಳಿಸಿದ್ದು ಜಹಾಜ್ ಎಂದು, ಹಡಗು. ನಮ್ಮ ಬಜಾರಿನಲ್ಲಿ ಜಹಾಜ್ ಎಂಬುದನ್ನು ಅವಸರದಲ್ಲಿ ಹಾಗೆಯೇ ನುಂಗಿ ಹೇಳುತ್ತಾರೆ. ಅರ್ಥವೂ ಕೂಡಿಬಂತು. ಸಮುದ್ರದ ಮೇಲೆ ತಿಂಗಳುಗಟ್ಟಲೆ ಹೋಗುವ ಜಹಾಜಿನ ಮಂದಿ ಹೊತ್ತು ಹೋಗದೆ ಬಾರಿಸುವ ಬಾಜಾ ಇದು. ಅದಕ್ಕೇ ತಾಳ ಹಿಂದೆ ಮುಂದೆ ತೂಗುತ್ತದೆ, ನೀರಿನ ಮೇಲೆ ಇದ್ದ ಹಾಗೆ. ನಾನು ಸಮುದ್ರ ನೋಡಿದವನಲ್ಲ. ನರ್ಸಬಾಯಿಯವರನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಕೇಳಲಿಲ್ಲ.

ಮರುದಿನ ಬ್ಯಾಂಡಿನವರ ಮುಂದೆ ಹೇಳಿದೆ. ಝಾಂಜು, ಅಂದರೆ ದೊಡ್ಡ ಹಿತ್ತಾಳೆ ತಾಳ, ಬಾರಿಸುವವನು ನನ್ನ ಗೆಳೆಯ, ವರಸೆಯಲ್ಲಿ ಭಾವ. ಅವನನ್ನೂ ಒಂದು ಶುಕ್ರವಾರ ಕರೆದುಕೊಂಡು ಹೋದೆ. ಹೊರಗೆ ಬಂದವನೇ ಎದೆ ಉಬ್ಬಿಸಿದ.

"ಜಹಾಜ್ ಅಲ್ಲಪಾ ಭಾವ, ಝಾಂಜ್ ಅಂದಾನ. ನನ್ನ ಕಿವಿಲೆ ಕೇಳೀನಿ. ಇಡೀ ಬಾಜಾಕ್ಕ ನನ್ನ ಸಾಮಾನಿನ ಹೆಸರು ಇಟ್ಟಾರ."

"ಹತ್ತು ಮಂದಿ ಊದಲಿಕ್ಕ, ಹೆಸರು ನಿಂದು?"

"ಮತ್ತ? ಎಲ್ಲಾರಕಿಂತ ಮ್ಯಾಲ ಯಾವುದು ಕೇಳಸ್ತದ? ಛನ್ ಛನ್ ಛನ್! ಝಾಂಜ್!"

"ನಿನಗ ನಿನ್ನ ಛನ್ ಛನ್ ಬಿಟ್ರ ಏನೂ ಕೇಳಸೂದಿಲ್ಲ."

"ನಿನಗ ಕಲಾಯಿ ಹೊಗಿ ಕಿವ್ಯಾಗ ಹೋಗ್ಯದ."

ಆ ಹಂಗಾಮೆಲ್ಲ ಈ ಜಗಳ ನಡೆಯಿತು. ಬ್ಯಾಂಡಿನಲ್ಲಿ ಎರಡು ಪಕ್ಷ, ಜಹಾಜಿನವರು ಮತ್ತು ಝಾಂಜಿನವರು. ಕಮಠಾಣದವನು ಮಾತ್ರ ಯಾವ ಕಡೆಗೂ ಸೇರದೆ, "ಬರದ ಕಾಗದ ಇದ್ರ ಕೊಡ್ರಿ, ಬಾರಸ್ತೀನಿ" ಎನ್ನುತ್ತಿದ್ದ.

ಹಳೆಯ ತವಾಗಳು ಕಲಿಯಲು ಸುಲಭ. ಅವು ಎರಡು ಮೂರು ವಾರಕ್ಕೊಮ್ಮೆ ಮತ್ತೆ ಬರುತ್ತಿದ್ದವು. ಒಮ್ಮೆ ಬೆನ್ನು ಹಿಡಿದು, ಇನ್ನೊಮ್ಮೆ ಮುಖ ನೋಡಿ, ಮೂರನೆಯ ಸಲಕ್ಕೆ ಗುರುತು ಹಿಡಿಯುವ ಹಾಗೆ ಹೊಂದಿಸಿಕೊಂಡೆ. ಮಾಘದಿಂದ ಚೈತ್ರದ ಒಳಗೆ ಮೂರು ಹಾಡು ಕೈವಶವಾದವು. ಹೊಸ ತವಾ ಹಾಗಲ್ಲ. ಬರುತ್ತದೆ, ಧೂಳೆಬ್ಬಿಸಿ ಹೋಗುತ್ತದೆ. ಮುಂದಿನ ವಾರ ಅದರ ಜಾಗದಲ್ಲಿ ಇನ್ನೊಂದು.

ಒಂದು ಹೊಸದು ನನ್ನನ್ನು ಹಿಡಿದೇಬಿಟ್ಟಿತು. ಮೆಟ್ಟಿಲು ಹತ್ತಿದ ಹಾಗೆ ಮೂರು ಸ್ವರ, ನಾಲ್ಕನೆಯ ಮೆಟ್ಟಿಲು ಬಿಟ್ಟು ಐದನೆಯದಕ್ಕೆ ಜಿಗಿತ, ಆಮೇಲೆ ಎಡವಿದವನ ಹಾಗೆ ದಡದಡ ಕೆಳಗೆ. ಔರಾದಿಗೆ ಇದೇ ಎಂದು ನಿಶ್ಚಯ ಮಾಡಿದೆ. ಕೇಳಿದವರು ಪತ್ರ ಬರೆದದ್ದರಿಂದ ಬರುವ ಶುಕ್ರವಾರ ಅದನ್ನೇ ಮತ್ತೊಮ್ಮೆ ಹಾಕುತ್ತೇವೆ ಎಂದು ರೇಡಿಯೊದ ಮನುಷ್ಯ ಹೇಳಿದ. ನನಗಾಗಿಯೇ ಹೇಳಿದಂತಿತ್ತು. ಆ ಶುಕ್ರವಾರ ಕಳೆದು ಮೂರನೆಯ ದಿನವೇ ಔರಾದಿನ ಲಗ್ನ.

ಆ ವಾರ ಬ್ಯಾಟರಿ ಹೊತ್ತು ಭಾಲ್ಕಿಗೆ ಹೋದರೆ ಹತ್ತಿಯ ಹಂಗಾಮು ಮುಗಿದಿತ್ತು. ಜಿನ್ನಿನ ಇಂಜಿನ್ನು ದಿನಕ್ಕೆ ಒಂದು ತಾಸು ಮಾತ್ರ, ಅದೂ ಬಾವಿಯಿಂದ ನೀರೆತ್ತಲು. "ಅರ್ಧ ಹೊಟ್ಟಿ ತುಂಬ್ಯದ, ಅಷ್ಟರಾಗ ನಡಸ್ಕೋ" ಎಂದ ಇಂಜಿನ್ನಿನವನು.

ಅಲ್ಲಿಯೇ ಜಿನ್ನಿನ ಕಟ್ಟೆಯ ಮೇಲೆ ಒಬ್ಬ ಅಡತಿ ಸಾವಕಾರರು ಕುಳಿತಿದ್ದರು. ಔರಾದಿನ ಲಗ್ನದ ವರ ಇವರ ಮಗ. ನಮ್ಮ ಬ್ಯಾಂಡನ್ನು ಕರೆಸಿದವರೂ ಇವರೇ.

"ಏನೋ ಕ್ಲಾರ್ನೆಟ್, ನಮ್ಮ ಲಗ್ನಕ್ಕ ಏನ್ ಹೊಸಾದು ತರ್ತಿ? ಬೀಗರು ಕಣ್ಣ ತಗದು ನೋಡಬೇಕು ನೋಡು."

ಹೆಮ್ಮೆ ಎಂಬುದು ಬಾಯಿಗೆ ಬಂದರೆ ನನ್ನ ಕೈಯಲ್ಲಿ ಉಳಿಯುವುದಿಲ್ಲ. "ಜಹಾಜ್ ಬಾಜಾ ತರ್ತೀನ್ರಿ ಸಾವಕಾರ್ರ. ಇಡೀ ಜಿಲ್ಲಾದಾಗ ಇನ್ನಾ ಯಾರ ಬಳಿನೂ ಇಲ್ಲ. ಜಾಗ ಮಾತ್ರ ಜರಾ ದೊಡ್ಡದು ಬೇಕ್ರಿ" ಎಂದೆ. ಸುತ್ತಲೂ ದುಂಡಗೆ ನಿಂತು ಬಾರಿಸಬೇಕೆಂಬುದು ನನ್ನ ಮನಸ್ಸಿನಲ್ಲಿ.

ಸಾವಕಾರರು ಗುಮಾಸ್ತನ ಕಡೆ ತಿರುಗಿದರು. "ಬೀಗರಿಗೆ ಕಾರ್ಡ್ ಬರಿ. ಜಹಾಜ್ ಬರ್ತದ, ದೊಡ್ಡ ಜಾಗ ಸ್ವಚ್ಛ ಮಾಡಿಸಿ ಇಡ್ರಿ ಅಂತ."

ಬಾಜಾ ಎಂಬ ಮಾತು ಆ ಕಾರ್ಡಿನಲ್ಲಿ ಬೀಳಲಿಲ್ಲ. ಅದು ನನಗೆ ಆಮೇಲೆ ಗೊತ್ತಾದದ್ದು.

ಶುಕ್ರವಾರ ಸಂಜೆ ಕ್ಲಾರ್ನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನರ್ಸಬಾಯಿಯವರ ಪಡಸಾಲೆಯಲ್ಲಿ ಕುಳಿತೆ. ಹಳೆಯದು ಬಂತು, ಹೋಯಿತು. ನನ್ನ ಹೊಸದು ಬಂತು. ಬೆರಳುಗಳು ಕೀಲಿಗಳ ಮೇಲೆ ತಾವೇ ಓಡುತ್ತಿದ್ದವು. ಮೂರು ಮೆಟ್ಟಿಲು, ಜಿಗಿತ, ದಡದಡ. ಮತ್ತೆ ಮೂರು ಮೆಟ್ಟಿಲು. ಎರಡನೆಯ ಭಾಗಕ್ಕೆ ತಿರುಗುವ ಹೊತ್ತಿಗೆ ದನಿ ಸಣ್ಣಗಾಯಿತು, ಬಾವಿಗೆ ಇಳಿದ ಹಾಗೆ ಇಳಿಯಿತು, ನಿಂತಿತು.

ನರ್ಸಬಾಯಿಯವರು ಕಿವಿ ತಿರುವಿದರು, ಪೆಟ್ಟಿಗೆಯ ಬೆನ್ನಿಗೆ ಎರಡು ಏಟು ಹಾಕಿದರು. "ಮುಗೀತಪಾ. ಉಸರು ಹೋತು" ಎಂದರು.

"ಮುಂದಿಂದು ಹ್ಯಾಂಗ್ರಿ ಬಾಯಾರ?"

"ಮುಂದಿಂದು ದೇವರಿಗೇ ಗೊತ್ತು" ಎಂದು ಮೇಲೆ ನೋಡಿದರು. ಅವರು ನಿಜವಾಗಿಯೂ ಪ್ರಾರ್ಥನೆ ಮಾಡಿದರೆಂದು ಕಾಣುತ್ತದೆ, ತುಟಿ ಅಲುಗಿದವು.

ಹೀಗೆ ಮೂರು ಹಳೆಯವು, ಅರ್ಧ ಹೊಸದು ಕಟ್ಟಿಕೊಂಡು ಸರ್ವಿಸ್ ಮೋಟಾರಿನಲ್ಲಿ, ಅಂದರೆ ಬಸ್ಸಿನಲ್ಲಿ, ಔರಾದಿಗೆ ಹೊರಟೆವು. ದೊಡ್ಡ ಡೋಲನ್ನು ಮೇಲೆ ಕಟ್ಟಿ, ಒಂಬತ್ತು ಜನ ಕೆಂಪು ಅಂಗಿ ತೊಟ್ಟು ಕುಳಿತೆವು. ಕಮಠಾಣದವನು ಕಾಗದದ ಕಟ್ಟನ್ನು ಎದೆಗೆ ಅವಚಿಕೊಂಡಿದ್ದ. ಔರಾದಿಗೆ ಎರಡು ಹೊಲ ಇರುವಾಗಲೇ ದಾರಿಯ ಎರಡೂ ಕಡೆ ಮಂದಿ ನಡೆಯುತ್ತಿರುವುದು ಕಂಡಿತು. ಮುದುಕರು, ಕೂಸು ಎತ್ತಿಕೊಂಡ ಹೆಂಗಸರು, ಬುತ್ತಿ ಕಟ್ಟಿಕೊಂಡು ಬಂದವರು. "ನೋಡ್ರಿ ಉಸ್ತಾದ್ರ, ನಮ್ಮ ಬ್ಯಾಂಡಿನ ಹೆಸರು" ಎಂದೆ. ಉಸ್ತಾದರು ಹುಬ್ಬು ಏರಿಸಿದರು.

ಊರ ಮುಂದಿನ ಹನುಮಪ್ಪನ ಗುಡಿಯ ಎದುರಿಗೆ ವರನನ್ನು ಎದುರುಗೊಳ್ಳುವ ಜಾಗ. ಅಲ್ಲಿ ಇಳಿದು ನೋಡಿದರೆ ಗುಡಿಯ ಪಕ್ಕದ ದೊಡ್ಡ ಹೊಲವೊಂದನ್ನು ಕೂಳೆ ಕಿತ್ತು, ಕಲ್ಲು ಆರಿಸಿ, ಕಣ ಮಾಡುವಂತೆ ಸಾರಿಸಿ ಇಟ್ಟಿದ್ದಾರೆ. ನಾಲ್ಕು ಮೂಲೆಗೆ ನಾಲ್ಕು ಕೆಂಪು ಬಾವುಟ. ಕಣಿಕೆ ಬಣವೆಗೆ ಹಗ್ಗ ಬಿಗಿದಿದ್ದಾರೆ. ದನಗಳನ್ನು ದೂರ ಕಟ್ಟಿದ್ದಾರೆ. ಹೊಲದ ಸುತ್ತ ಜಾತ್ರೆಯಷ್ಟು ಮಂದಿ, ಎಲ್ಲರ ಮುಖವೂ ಆಕಾಶದ ಕಡೆ.

ಹೆಣ್ಣಿನ ತಂದೆ ಕೈ ಮುಗಿಯುತ್ತ ಓಡಿಬಂದು, ನಮ್ಮ ಮೋಟಾರಿನ ಹಿಂದೆ ಬಗ್ಗಿ ನೋಡಿದರು.

"ಎಲ್ಲದರಿ ಜಹಾಜ್?"

ವರನ ಜೊತೆ ಆಗಲೇ ಬಂದಿದ್ದ ಸಾವಕಾರರು ನನ್ನ ಕಡೆ ನೋಡಿದರು. ನಾನು ಉಸ್ತಾದರ ಕಡೆ ನೋಡಿದೆ.

"ಗಾಳಿಗಿ ಬಣವಿ ಹಾರ್ತಾವಂತ ಹಗ್ಗ ಬಿಗಿಸೀನಿ. ಇಳ್ಯಾಕ ಇಷ್ಟು ಜಾಗ ಸಾಕೇನ್ರಿ? ಕಮ್ಮಿ ಆದ್ರ ಮಗ್ಗಲ ಹೊಲದವರಿಗಿನೂ ಹೇಳೀನಿ" ಎಂದರು ಹೆಣ್ಣಿನ ತಂದೆ.

ಆಗ ತಿಳಿಯಿತು. ಇವರು ಕಾಯುತ್ತಿದ್ದದ್ದು ಹವಾಯಿ ಜಹಾಜಿಗೆ, ಆಕಾಶದಿಂದ ಇಳಿಯುವ ವಿಮಾನಕ್ಕೆ. ಭಾಲ್ಕಿಯ ಬೀಗರು ಮಗನನ್ನು ಅದರಲ್ಲಿ ಕೂಡಿಸಿ ತರುತ್ತಾರೆಂದು ಸುತ್ತ ಹತ್ತು ಹಳ್ಳಿಗೆ ಸುದ್ದಿ ಹೋಗಿತ್ತು. ವರ ಪಾಪ ಬಾಸಿಂಗ ಕಟ್ಟಿಕೊಂಡು ಖಟಕ ಚಿಂಚೋಳಿಯ ಎತ್ತಿನ ಗಾಡಿಯಲ್ಲಿ ಬಂದು ಇಳಿದಿದ್ದ. ಅವನ ಕಡೆ ಒಬ್ಬರೂ ನೋಡಿರಲಿಲ್ಲ.

ಚಿಂತಾಕಿಯಿಂದ ನಡೆದು ಬಂದ ಒಬ್ಬ ದಪ್ಪ ಮೀಸೆಯ ಹಿರಿಯರು ಕುತ್ತಿಗೆ ಹಿಡಿದುಕೊಂಡು ಮುಂದೆ ಬಂದರು. "ಏನ್ರಿ ಇದು? ಮುಂಜಾನಿಂದ ಮಾರಿ ಮ್ಯಾಲ ಮಾಡಿ ನಿಂತೀವಿ. ಕುತ್ತಿಗಿ ಹಿಡದದ. ಎರಡು ಹದ್ದು ಬಿಟ್ರ ಏನೂ ಬರಲಿಲ್ಲ."

ನನ್ನ ಭಾವ ಕಿವಿಯಲ್ಲಿ ಹೇಳಿದ. "ನಾ ಅಂದಿದ್ದೆ ಇಲ್ಲ, ಝಾಂಜ್ ಅಂತ? ಝಾಂಜ್ ಅಂದಿದ್ರ ಇವರು ಇಷ್ಟು ಹೊಲ ಯಾಕ ಸಾರಸ್ತಿದ್ರು?"

ಸಾವಕಾರರ ಮುಖ ಕಪ್ಪಿಟ್ಟಿತು. ಬೀಗರ ಮುಂದೆ ಮಾನ ಹೋಯಿತು ಎಂದು ಅವರು ಹಲ್ಲು ಕಡಿಯುವುದು ಕೇಳಿಸುತ್ತಿತ್ತು. ಉಸ್ತಾದರು ಕೋಲನ್ನು ನೆಲಕ್ಕೆ ಊರಿ, ಎಲ್ಲರಿಗೂ ಕೇಳುವಂತೆ, "ಹೇಳೋ ಮಗನ, ನಿನ್ನ ಜಹಾಜ್ ಎಲ್ಲದ?" ಎಂದರು.

ಓಡಿಹೋಗಬಹುದಿತ್ತು. ಗುಮಾಸ್ತನ ಮೇಲೆ ಹಾಕಬಹುದಿತ್ತು. ಆದರೆ ಕಲಾಯಿ ಕೆಟ್ಟರೆ ಪಾತ್ರೆ ಸರಿ ಇಲ್ಲ ಎನ್ನುವ ಜಾತಿಯವನಲ್ಲ ನಾನು. ಮುಂದೆ ಹೋಗಿ, ಸಾರಿಸಿದ ಹೊಲದ ನಡುವೆ ನಿಂತು, ಕ್ಲಾರ್ನೆಟ್ಟನ್ನು ಎತ್ತಿ ತೋರಿಸಿದೆ.

"ತಪ್ಪ ನಂದ್ರಿ. ಜಹಾಜ್ ಇದರಾಗ ಅದ."

"ಅಷ್ಟು ಸಣ್ಣದಾ?" ಎಂದರು ಚಿಂತಾಕಿಯ ಹಿರಿಯರು. ನಕ್ಕರು, ಆದರೆ ಒಳ್ಳೆಯ ನಗೆಯಲ್ಲ.

ಶುಕ್ರವಾರದ ಕ್ರಮದಲ್ಲಿಯೇ ಶುರು ಮಾಡಿದೆ. ಮೊದಲು ಹಳೆಯದು. ಡೋಲಿನವನು ತೂಗು ತಾಳ ಹಿಡಿದ. ಮಂದಿ ಕೇಳಿದರು, ಒಲ್ಲದ ಮನಸ್ಸಿನಿಂದ. ಕೆಲವರು ಇನ್ನೂ ಮೇಲೆ ನೋಡುತ್ತಲೇ ಇದ್ದರು, ತಡವಾಗಿಯಾದರೂ ಬಂದೀತು ಎಂದು. ಆಮೇಲೆ ಹೊಸದು. ಮೂರು ಮೆಟ್ಟಿಲು, ಜಿಗಿತ, ದಡದಡ. ಗದ್ದಲ ಸ್ವಲ್ಪ ತಗ್ಗಿತು. ಮತ್ತೊಮ್ಮೆ ಮೂರು ಮೆಟ್ಟಿಲು. ಮುಂದೆ ಏನೂ ಇರಲಿಲ್ಲ. ಬ್ಯಾಟರಿ ಸತ್ತ ಜಾಗ ಬಂತು. ನನ್ನ ಉಸಿರು ಅಲ್ಲಿಗೇ ನಿಂತಿತು. ಡೋಲಿನ ಎರಡು ಪೆಟ್ಟು ಒಂಟಿಯಾಗಿ ಬಿದ್ದವು.

ಹಂದರದ ಕಡೆಯಿಂದ ಒಬ್ಬ ಅಜ್ಜಿಯ ದನಿ ಬಂತು, ತಾಮ್ರದ ಕೊಡಕ್ಕೆ ಬಡಿದಂತೆ. "ಯಾಕ, ಎಣ್ಣಿ ತೀರಿತೇನು ಭಾಲ್ಕಿ ಜಹಾಜಿಂದು?"

ಹೆಂಗಸರೆಲ್ಲ ಗೊಳ್ಳೆಂದರು. ಆ ಅಜ್ಜಿ ಕೇಳಿದ ಧಾಟಿ ನೋಡಿ! ಬೀಗರನ್ನು ಹಂಗಿಸುವ ಹಾಡನ್ನು ನಮ್ಮ ಕಡೆ ಹೆಂಗಸರು ಎತ್ತುವುದೇ ಆ ಧಾಟಿಯಲ್ಲಿ. ಅದು ಹುಟ್ಟಿದಂದಿನಿಂದ ನನ್ನ ಕಿವಿಯಲ್ಲಿ ಇದ್ದದ್ದು, ನನ್ನ ಅವ್ವ ಹಾಡಿದ್ದು, ನನ್ನ ಮದುವೆಯಲ್ಲಿ ನನ್ನನ್ನೇ ಹಂಗಿಸಿದ್ದು. ಬೆರಳು ನನ್ನನ್ನು ಕೇಳಲಿಲ್ಲ. ಅರ್ಧಕ್ಕೆ ನಿಂತ ಹೊಸ ತವಾದ ಬಾಲಕ್ಕೆ ಆ ಬೀಗರ ಹಾಡು ಬಂದು ಕೂತಿತು, ಅದೇ ತೂಗು ತಾಳದಲ್ಲಿ.

ಹೆಂಗಸರು ಕಿವಿಗೊಟ್ಟರು. ಆಮೇಲೆ ಗುರುತು ಹತ್ತಿತು. ಅಜ್ಜಿಯೇ ಎತ್ತಿದಳು, ಅಲ್ಲಿಯೇ ಕಟ್ಟಿ: "ಭಾಲ್ಕೀಯ ಬೀಗರು ಜಹಾಜು ತಂದಾರ, ರೆಕ್ಕಿಲ್ಲ ಗಾಲಿಲ್ಲ ಬಾಲಿಲ್ಲ..." ಉಳಿದವರು ಹಿಂದಿನಿಂದ ಹಿಡಿದರು. ನಾನು ಮೂರು ಮೆಟ್ಟಿಲು ಹತ್ತಿ ಜಿಗಿದರೆ ಅವರು ಬಾಯಿ ಬಿಟ್ಟು ಕಾಯುತ್ತಿದ್ದರು. ದಡದಡ ಇಳಿದು ಬಂದ ಕೂಡಲೇ ಒಂದು ಹೊಸ ಬೈಗುಳದ ಸಾಲು. ಸಾವಕಾರರ ಹೊಟ್ಟೆ, ಗುಮಾಸ್ತನ ಕಾರ್ಡು, ಎತ್ತಿನ ಗಾಡಿಯಲ್ಲಿ ಬಂದ ವರ, ಯಾರನ್ನೂ ಬಿಡಲಿಲ್ಲ.

ಆಗ ಎಡಗಡೆಯಿಂದ ಕಾರ್ನೆಟ್ಟು ಬಂತು. ತಿರುಗಿ ನೋಡಿದೆ. ಕಮಠಾಣದವನು ಕಾಗದದ ಕಟ್ಟನ್ನು ಕಾಲಡಿಗೆ ಹಾಕಿ ತುಳಿದು ನಿಂತಿದ್ದ, ಗಾಳಿಗೆ ಹಾರದಿರಲಿ ಎಂದು. ಕಣ್ಣು ಮುಚ್ಚಿ ಊದುತ್ತಿದ್ದ. ನಾನು ಹೇಳಿದ್ದಕ್ಕೆ ಎದುರು ಹೇಳುತ್ತಿದ್ದ, ನಾನು ಮತ್ತೆ ಹೇಳಿದರೆ ನಕ್ಕು ತಿರುಗಿಸುತ್ತಿದ್ದ. ನನ್ನ ಭಾವ ಝಾಂಜು ಎತ್ತಿ ಹಿಡಿದು ಕುಣಿಯುತ್ತಿದ್ದ. ವರ ಬಾಸಿಂಗ ಸರಿಸಿ ನಗುತ್ತಿದ್ದ. ಈಗ ಎಲ್ಲರೂ ಅವನನ್ನು ನೋಡುತ್ತಿದ್ದರು. ಸಾವಕಾರರು ಮೊದಲು ಹಲ್ಲು ಕಡಿದರು, ಆಮೇಲೆ ಹಲ್ಲು ತೋರಿಸಿದರು. ಹೆಣ್ಣಿನ ತಂದೆ, "ಹೊಲ ಸ್ವಚ್ಛ ಆದದ್ದು ಛಲೋನೇ ಆತು, ಮಂದಿ ಹಿಡೀತು" ಎಂದು ಊಟಕ್ಕೆ ಎಲೆ ಅಲ್ಲಿ ಹಾಕಿಸಿದರು.

ಊಟದ ಮೇಲೆ ನಾವು ಮೋಟಾರಿಗೆ ಸಾಮಾನು ಏರಿಸುತ್ತಿದ್ದಾಗ ಚಿಂತಾಕಿಯ ಹಿರಿಯರು ಬಂದರು, ಇನ್ನೂ ಕುತ್ತಿಗೆ ತಿಕ್ಕಿಕೊಳ್ಳುತ್ತ.

"ಜಹಾಜ್ ಬರಲಿಲ್ಲ ಖರೆ. ವೈಶಾಖದಾಗ ನಮ್ಮನ್ಯಾಗ ಲಗ್ನ ಅದ. ಬರ್ರಿ. ನಾ ಹೊಲ ಸಾರಸೂದಿಲ್ಲ ನೋಡ್ರಿ."

"ಬರ್ತೀವ್ರಿ" ಎಂದೆ.

"ನಿನ್ನನ್ನ ಕೇಳಲಿಲ್ಲಪಾ, ಬ್ಯಾಂಡಿನ ಯಜಮಾನರನ್ನ ಕೇಳ್ಲತೀನಿ. ಯಾರು ಯಜಮಾನರು?"

ಉಸ್ತಾದರು ಮೋಟಾರಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಕಮಠಾಣದವನ ಕಡೆ ನೋಡಿದರು. ಅವನು ಮಣ್ಣಾದ ಕಾಗದಗಳನ್ನು ಒಂದೊಂದಾಗಿ ಒರೆಸುತ್ತಿದ್ದವನು, ತಲೆ ಎತ್ತದೆಯೇ ಹೆಬ್ಬೆರಳಿನಿಂದ ನನ್ನ ಕಡೆ ತೋರಿಸಿದ. ಉಸ್ತಾದರು ಕೋಲನ್ನು ನನ್ನ ಕಡೆ ಚಾಚಿ, "ಜರಾ ಇದನ್ನ ಹಿಡಿ, ಬೀಡಿ ಹಚ್ಚೂದದ" ಎಂದರು. ಹಿಡಿದೆ. ಬೀಡಿ ಹಚ್ಚಿದರು, ಸೇದಿ ಮುಗಿಸಿದರು, ಮೋಟಾರು ಬೀದರಿಗೆ ಬಂದು ಮುಟ್ಟಿತು. ಕೋಲನ್ನು ಮರಳಿ ಕೇಳಲಿಲ್ಲ.

ಮುಂದಿನ ಶುಕ್ರವಾರ ನರ್ಸಬಾಯಿಯವರಿಗೆ ಎಲ್ಲವನ್ನೂ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಕೆಮ್ಮಿದರು, ನೀರು ಕುಡಿದು ಮತ್ತೆ ನಕ್ಕರು.

"ಜಹಾಜೂ ಅಲ್ಲಪಾ, ಝಾಂಜೂ ಅಲ್ಲ. ಅದರ ಹೆಸರೇ ಹಂಗ, ಜಾಜ್."

ಈ ಸಲ ಕೇಳಿಯೇಬಿಟ್ಟೆ. "ಹಂಗಂದ್ರ ಏನ್ರಿ ಅರ್ಥ?"

"ನನಗೇನ್ ಗೊತ್ತೋ? ಡಾಕ್ಟರ್ ಮೇಡಮ್ಮಿಗೂ ಗೊತ್ತಿದ್ದಿಲ್ಲ."

ಇದನ್ನು ಮೊದಲೇ ಕೇಳಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ ಎಂದು ತಿಳಿದು ನನಗೆ ಬಹಳ ಹಗುರವಾಯಿತು.

ಮಳೆಗಾಲದಲ್ಲಿ ಒಂದು ಸಲ ಆ ಹೊಸ ತವಾ ಪೂರ್ತಿ ಕೇಳಲು ಸಿಕ್ಕಿತು. ಅಷ್ಟರೊಳಗೆ ಅದನ್ನು ಹಳೆಯದರ ಸಾಲಿಗೆ ಸೇರಿಸಿದ್ದರು. ಉಳಿದರ್ಧ ಚೆನ್ನಾಗಿಯೇ ಇತ್ತು, ಆದರೆ ನನ್ನ ಬೆರಳು ಅದಕ್ಕೆ ಜಾಗ ಕೊಡಲಿಲ್ಲ. ಅಲ್ಲಿ ಈಗಾಗಲೇ ಔರಾದಿನ ಅಜ್ಜಿ ಕುಳಿತಿದ್ದಳು. ಹಾಗೇ ಬಿಟ್ಟೆ. ಇವತ್ತಿಗೂ ಲಗ್ನಕ್ಕೆ ಕರೆಯಲು ಬಂದವರು "ಜಹಾಜ್ ಬಾಜಾ ತರ್ರಿ" ಎಂದೇ ಹೇಳುತ್ತಾರೆ. ನಾನು ತಿದ್ದುವುದಿಲ್ಲ. ಕಾರ್ಡು ಬರೆಯುವುದಿದ್ದರೆ ಮಾತ್ರ ನಾನೇ ಕುಳಿತು ಬರೆಯುತ್ತೇನೆ, ಬಾಜಾ ಎಂಬುದನ್ನು ಎರಡು ಸಲ.

ಈಗ ನನ್ನ ಬಳಿ ಇರುವುದು: ಕ್ಲಾರ್ನೆಟ್ಟು ಒಂದು, ಅದರಲ್ಲಿ ನಾನೇ ಬೆಸೆದ ಕೀಲಿ ನಾಲ್ಕು. ಕಲಾಯಿಯ ತಿದಿ ಒಂದು, ಅಪ್ಪನದು. ಬ್ಯಾಂಡಿನ ಮಂದಿ ಹನ್ನೊಂದು, ಕೆಂಪು ಅಂಗಿ ಹನ್ನೆರಡು. ತೂತು ಬಿದ್ದ ಧೋತರ ಒಂದು. ರೊಟ್ಟಿಯ ತವಾ ಎರಡು, ಒಂದು ಹಳೆಯದು, ಒಂದು ಹೊಸದು. ಹಳೆಯ ಹಾಡು ಮೂರು, ಹೊಸದು ಅರ್ಧ. ಕೋಲು ಒಂದು.